ಗಡ್ಡೆ ಮಾತ್ರ ತೆಗೀರಿ

ಆ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಮಂದಿ ಅವಳ ಬೈಗುಳ ತಿಂದವರೇ. ಡ್ರೈವಿಂಗ್ ಸ್ಕೂಲಿನ ಸಣ್ಣ ಬಿಳಿ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟು ಅವಳದು. ಆ ಸೀಟಿನ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಕಲಿಯುವವರು ಗಾಬರಿಬಿದ್ದು ಕೈಕಾಲು ಬಿಟ್ಟಾಗ ಕಾರನ್ನು ನಿಲ್ಲಿಸುತ್ತಿದ್ದುದು ಅವಳ ಕಾಲು. ಹಾಗಾಗಿ ‘ಬ್ರೇಕ್ ಮೇಡಂ’ ಎಂಬ ಹೆಸರು ಬಿತ್ತು. ಬರಬರುತ್ತ ಬ್ರೇಕು ಉದುರಿ ಬರೀ ಮೇಡಂ ಉಳಿಯಿತು.

“ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕಲ್ಲ ರೀ, ಹಿಂದೆ ಯಾರು ಬರ್ತಿದಾರೆ ನೋಡಿ!” “ಕ್ಲಚ್ಚು ನಿಮಗೇನು ಅನ್ಯಾಯ ಮಾಡಿದೆ? ಹಂಗ್ಯಾಕೆ ಒದೀತೀರಿ?” ಬೇಸಗೆಯಲ್ಲಿ ಕಿಟಕಿ ಇಳಿಸಿಕೊಂಡು ಹೋಗುವಾಗ ಈ ಮಾತುಗಳು ಬೀದಿಗೆಲ್ಲ ಕೇಳಿಸುತ್ತಿದ್ದವು. ಬೈಸಿಕೊಂಡವರು ಮೊದಲ ವಾರ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದರು. ಎರಡನೇ ವಾರಕ್ಕೆ ತಮ್ಮ ಅಕ್ಕತಂಗಿಯರನ್ನೂ ಅವಳ ಹತ್ತಿರವೇ ಸೇರಿಸುತ್ತಿದ್ದರು.

ಗಂಡ ಸಿಕ್ಕಿದ್ದೂ ಆ ಕಾರಿನಲ್ಲೇ. ಅವನು ಬೇಕರಿಯೊಂದರಲ್ಲಿ ಬ್ರೆಡ್ಡು ಸುಡುವ ಕೆಲಸದವನು. ಬೇಕರಿಯ ವ್ಯಾನು ಓಡಿಸಲು ಕಲಿಯಬೇಕೆಂದು ಬಂದಿದ್ದ. ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಹಿಟ್ಟು. ಪಾಠದಲ್ಲಿ ಬೆಣ್ಣೆಯ ಹಾಗೆ ಓಡಿಸುತ್ತಿದ್ದವನು ಪರೀಕ್ಷೆಯ ದಿನ ಮಾತ್ರ ಕಂಬಕ್ಕೋ ಕಲ್ಲಿಗೋ ತಾಗಿಸಿ ಫೇಲಾಗುತ್ತಿದ್ದ. ಮತ್ತೆ ಮತ್ತೆ ಹೀಗೇ ಆದಾಗ ಅವಳಿಗೆ ರೇಗಿಹೋಯಿತು. “ನಿಮಗೇನು ಪಾಸಾಗೋ ಆಸೆ ಇದೆಯೋ ಇಲ್ವೋ?” ಎಂದಳು. “ಇಲ್ಲ ಮೇಡಂ. ಪಾಸಾದ್ರೆ ನಾಳೆಯಿಂದ ಬರೋಕೆ ನೆಪ ಇರಲ್ವಲ್ಲ,” ಎಂದ ಅವನು, ಸ್ಟೀರಿಂಗನ್ನೇ ನೋಡುತ್ತ. ಆಗ ಅವಳಿಗೆ ಮೂವತ್ತೈದು. ಮದುವೆ ಎಂಬ ಮಾತನ್ನು ಮನೆಯವರೂ ಅವಳೂ ಬಹುತೇಕ ಮರೆತಿದ್ದ ಕಾಲ. ಅಂದು ಅವಳು ಬೈಯುವುದನ್ನೇ ಮರೆತಳು. ಮದುವೆ ನಿಶ್ಚಯವಾದ ಮೇಲೆ ಅವನು ಒಂದೇ ಏಟಿಗೆ ಪಾಸಾದ. ಈಗಲೂ ಮನೆಯಲ್ಲಿ ‘ಮೇಡಂ’ ಎಂದೇ ಕರೆಯುತ್ತಾನೆ, ಬಹುವಚನ ಬಿಟ್ಟಿಲ್ಲ.

ಮದುವೆಯಾದ ಎರಡನೇ ವರ್ಷದಿಂದ ಮುಟ್ಟು ಅವಳನ್ನು ಹಿಂಡತೊಡಗಿತು. ಮೊದಲೆಲ್ಲ ಬಂದು ಹೋಗುತ್ತಿದ್ದದ್ದು ಈಗ ಬಂದರೆ ಹೋಗುವ ಮಾತೇ ಇಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಕಾರಿನಲ್ಲಿ ಕೂರುವ ಕೆಲಸ. ಎದ್ದು ಹೋಗಲು ಮರೆ ಇಲ್ಲ, ಹೇಳಿಕೊಳ್ಳಲು ಮನುಷ್ಯರಿಲ್ಲ. ಕಪ್ಪು ಪ್ಯಾಂಟು ಬಿಟ್ಟು ಬೇರೆ ಬಣ್ಣ ಹಾಕುವುದನ್ನೇ ನಿಲ್ಲಿಸಿದಳು. ಸೀಟಿನ ಮೇಲೆ ದಪ್ಪ ಕಪ್ಪು ಟವೆಲೊಂದು ಬಂದು ಕೂತಿತು. ಕೇಳಿದವರಿಗೆ “ಸೊಂಟ ನೋವು, ಮೆತ್ತಗಿರಲಿ ಅಂತ,” ಎನ್ನುತ್ತಿದ್ದಳು. ಪಾಠದ ದಾರಿಗಳೆಲ್ಲ ಹೇಗೋ ಸುತ್ತಿ ಬಳಸಿ ದೊಡ್ಡ ಪೆಟ್ರೋಲ್ ಬಂಕಿನ ಮುಂದೆಯೇ ಹಾಯತೊಡಗಿದವು. “ಯಾವಾಗ್ಲೂ ಇದೇ ರಸ್ತೆ ಯಾಕೆ ಮೇಡಂ?” ಎಂದು ಒಬ್ಬಳು ಕೇಳಿದಾಗ “ಇಲ್ಲಿ ತಿರುವು ಚೆನ್ನಾಗಿದೆ,” ಎಂದಳು. ಚೆನ್ನಾಗಿದ್ದದ್ದು ಬಂಕಿನ ಶೌಚಾಲಯ.

ಆಮೇಲೆ ಹೊಟ್ಟೆ ಬಂತು. ಊಟ ಸೇರುತ್ತಿರಲಿಲ್ಲ, ಕೆನ್ನೆ ಒಳಗೆ ಹೋಗಿತ್ತು, ಹೊಟ್ಟೆ ಮಾತ್ರ ಮುಂದೆ ಬಂತು. ಮಹಡಿ ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಎದುರಾದಾಗ ಹೊಟ್ಟೆಯ ಮೇಲೆ ಕಣ್ಣಿಟ್ಟುಕೊಂಡೇ ನಕ್ಕಳು.

“ನಮಗೆಲ್ಲ ಸಿಹಿ ಸುದ್ದಿ ಯಾವಾಗ ಹೇಳ್ತೀರಿ?”

“ಬಂದ ಕೂಡ್ಲೇ ಮೊದಲು ನಿಮ್ಮ ಮನೆಗೇ ಕಳಿಸ್ತೀನಿ,” ಎಂದಳು ಮೇಡಂ. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಹಾಸಿಗೆಯ ತುದಿಯಲ್ಲಿ ಕೂತು ಹೊಕ್ಕುಳ ಕೆಳಗೆ ಕೈ ಇಟ್ಟಳು. ಕಲ್ಲಿನ ಹಾಗೆ ಏನೋ ಕೈಗೆ ಸಿಕ್ಕಿತು. ಒಂದು ಕ್ಷಣ, ಒಂದೇ ಕ್ಷಣ, ಮಹಡಿಯಾಕೆ ಅಂದದ್ದು ನಿಜವಾಗಿರಬಾರದೇ ಎಂದುಕೊಂಡಳು. ಆದರೆ ರಕ್ತ ಹೋಗುತ್ತಲೇ ಇತ್ತು. ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಅಭ್ಯಾಸ ಅವಳಿಗೆ ಇರಲಿಲ್ಲ.

ಆದರೂ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತ ಬಂದಳು. ಕೊನೆಗೆ ಅವಳನ್ನು ಎಳೆದುಕೊಂಡು ಹೋಗಿದ್ದು ಒಂದು ಹೂವಿನ ಪಾತಿ. ಅವತ್ತು ಕಲಿಯಲು ಕೂತವನು ಬ್ಯಾಂಕಿನ ಗುಮಾಸ್ತ, ಅಂಜುಬುರುಕ. ವೃತ್ತದ ಹತ್ತಿರ ಸೈಕಲ್ಲೊಂದು ಅಡ್ಡ ಬಂತು. ಗುಮಾಸ್ತ ಕಣ್ಣು ಮುಚ್ಚಿದ. ಅದೇ ಹೊತ್ತಿಗೆ ಮೇಡಂಗೂ ಕಣ್ಣು ಕತ್ತಲೆ ಬಂತು. “ಮೇಡಂ! ಬ್ರೇಕು!” ಎಂದು ಅವನೇ ಕೂಗಿಕೊಂಡ. ಅವಳ ಕಾಲು ಬ್ರೇಕಿಗೆ ಬೀಳುವಷ್ಟರಲ್ಲಿ ಕಾರು ವೃತ್ತದ ಕಟ್ಟೆ ಹತ್ತಿ ಹೂವಿನ ಗಿಡಗಳ ಮೇಲೆ ನಿಂತಿತ್ತು. ಸೈಕಲ್ಲಿನವನು ಬೈದುಕೊಂಡು ಹೋದ. ಯಾರಿಗೂ ಏನೂ ಆಗಲಿಲ್ಲ. ಆದರೆ ಅವಳು ಆ ದಿನದ ಉಳಿದ ಪಾಠಗಳನ್ನು ಬಿಟ್ಟಳು. ತನ್ನ ನೋವನ್ನು ಎಷ್ಟು ದಿನ ಬೇಕಾದರೂ ಹೊಟ್ಟೆಗೆ ಹಾಕಿಕೊಂಡಿರಬಲ್ಲೆ, ಬೇರೆಯವರ ಜೀವದ ಜೊತೆ ಆಟ ಬೇಡ ಎಂದುಕೊಂಡು ಅವತ್ತೇ ಸಂಜೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಳು.

ದೊಡ್ಡ ಡಾಕ್ಟರು ಹೆಸರುವಾಸಿ. ತಲೆ ಪೂರ್ತಿ ಬೆಳ್ಳಗಾಗಿತ್ತು, ಮಾತು ಮೆಲುವಾಗಿತ್ತು. ಸ್ಕ್ಯಾನಿಂಗಿನ ಚಿತ್ರ ದೀಪಕ್ಕೆ ಹಿಡಿದು ತೋರಿಸಿದರು.

“ಗರ್ಭಕೋಶದಲ್ಲಿ ಗಡ್ಡೆಗಳಿವೆ. ಫೈಬ್ರಾಯ್ಡ್ ಅಂತೀವಿ. ಒಂದಲ್ಲ, ಸುಮಾರಿವೆ. ಕ್ಯಾನ್ಸರ್ ಲಕ್ಷಣ ಏನೂ ಇಲ್ಲ, ಹೆದರ್ಬೇಡಿ. ಆದ್ರೆ ನಿಮ್ಮ ಮೈಯಲ್ಲಿ ರಕ್ತ ಇಷ್ಟು ಕಮ್ಮಿ ಇಟ್ಕೊಂಡು ನೀವು ನಡ್ಕೊಂಡು ಬಂದ್ರಲ್ಲ, ಅದೇ ನನಗಾಶ್ಚರ್ಯ. ಮಕ್ಕಳೆಷ್ಟು?”

“ಇಲ್ಲ.”

“ವಯಸ್ಸು?”

“ಮೂವತ್ತೊಂಬತ್ತು.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಾಗಾದ್ರೆ ಯೋಚನೆ ಮಾಡೋದೇನಿದೆ? ಗರ್ಭಕೋಶ ತೆಗೆದುಬಿಡೋಣ. ರಕ್ತ ಹೋಗೋದು ನಿಲ್ಲುತ್ತೆ, ಗಡ್ಡೆ ಮತ್ತೆ ಬರೋ ಭಯ ಇಲ್ಲ. ಇನ್ನು ಅದನ್ನ ಇಟ್ಕೊಂಡು ಏನ್ ಮಾಡ್ತೀರಿ?”

ಕೊನೆಯ ಮಾತನ್ನು ಅವರು ಕೆಟ್ಟ ಮನಸ್ಸಿನಿಂದ ಆಡಲಿಲ್ಲ. ಹಳೆಯ ಕುರ್ಚಿಯ ವಿಷಯ ಹೇಳುವಷ್ಟು ಸಹಜವಾಗಿ ಅಂದರು. ಆ ಸಹಜತೆಯೇ ಮೇಡಂಗೆ ಮುಖಕ್ಕೆ ಹೊಡೆದ ಹಾಗಾಯಿತು.

“ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಬಿಡೋಕಾಗಲ್ವಾ?”

“ಆಗುತ್ತೆ. ಆದ್ರೆ ಅದು ಕಷ್ಟದ ಆಪರೇಷನ್ನು. ರಕ್ತ ಹೆಚ್ಚು ಹೋಗುತ್ತೆ. ಮುಂದೆ ಮತ್ತೆ ಗಡ್ಡೆ ಬರಬಹುದು. ಮಗು ಆಗುತ್ತೆ ಅನ್ನೋ ಭರವಸೆಯೂ ಇಲ್ಲ. ಇಷ್ಟು ಗಡ್ಡೆಗೆ ನಾನು ಮಾಡಲ್ಲ.”

“ಮಾಡೋಕಾಗಲ್ವೋ, ಮಾಡಲ್ವೋ?”

“ಮಾಡಲ್ಲ.”

“ಹಂಗಾದ್ರೆ ಮಾಡೋರು ಯಾರು ಅಂತಾದ್ರೂ ಹೇಳಿ.”

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. ಸಿಟ್ಟು ಬಂದಿತ್ತು, ಆದರೆ ಮನುಷ್ಯ ಪ್ರಾಮಾಣಿಕ. ತಮ್ಮ ಹತ್ತಿರವೇ ಕಲಿತುಹೋದ ಸರ್ಜನ್ ಒಬ್ಬಳ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. “ಅವಳೂ ನಿಮ್ಮ ಹಾಗೇ ಹಟಮಾರಿ,” ಎಂದರು.

ಮನೆಗೆ ಬಂದರೆ ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು. ಆಸ್ಪತ್ರೆಯಿಂದ ಅವಳು ಗಂಡನಿಗೆ ಫೋನು ಮಾಡಿ ಹೇಳಿದ್ದಳು, ಅವನು ತನ್ನ ಅಕ್ಕನಿಗೆ ಬಾಯಿಬಿಟ್ಟಿದ್ದ. ಆ ಅತ್ತಿಗೆ, ಪಕ್ಕದ ಬೀದಿಯಲ್ಲಿ ಸ್ಟೇಷನರಿ ಅಂಗಡಿ ಇಟ್ಟುಕೊಂಡವಳು, ಆಗಲೇ ಬಂದು ಕೂತಿದ್ದಳು. ಯಾರ ಮನೆಯ ಯಾವ ವಿಷಯಕ್ಕಾದರೂ ಬೆಲೆ ಚೀಟಿ ಅಂಟಿಸುವ ಚುರುಕು ಅವಳದು. ಅಡುಗೆಮನೆಯ ಮೇಜಿನ ಹತ್ತಿರ ಅತ್ತೆ ಬಟಾಣಿ ಸುಲಿಯುತ್ತಿದ್ದರು.

“ನಾನು ತೆಗೆಸಿಲ್ವಾ? ಹಾಯಾಗಿದ್ದೀನಿ,” ಎಂದಳು ಅತ್ತಿಗೆ. “ಪ್ರತಿ ತಿಂಗಳ ರಗಳೆ ಇಲ್ಲ, ಏನಿಲ್ಲ. ನಲವತ್ತಕ್ಕೆ ಬಂದು ನಿಂತಿದೀಯ, ಈಗ ಮಗು ಹೆತ್ತು ಅದನ್ನ ಸ್ಕೂಲಿಗೆ ಬಿಡೋಕೆ ಹೋದ್ರೆ ಅಜ್ಜಿ ಬಂದಿದಾರೆ ಅಂತಾರೆ.”

“ಮಗುವಿಗೋಸ್ಕರ ಆದ್ರೆ ಗಡ್ಡೆ ಮಾತ್ರ ತೆಗೆಸ್ಕೊಳ್ಳಲಿ,” ಎಂದರು ಅತ್ತೆ, ತಲೆ ಎತ್ತದೆ. “ಮಗು ಆಗಲ್ಲ ಅಂದ್ರೆ ಅಷ್ಟೆಲ್ಲ ಯಾಕೆ ಕೊಯ್ಸಿಕೊಳ್ಬೇಕು?”

ಮೇಡಂ ಚಪ್ಪಲಿ ಬಿಡುತ್ತ ಬಾಗಿಲಲ್ಲೇ ನಿಂತಳು. “ನನ್ನ ಹೊಟ್ಟೆ ಬಗ್ಗೆ ಇಷ್ಟು ದೊಡ್ಡ ಸಭೆ ನಡೀತಿದೆ, ನನ್ನನ್ನ ಮಾತ್ರ ಕರೆದೇ ಇಲ್ಲ,” ಎಂದಳು. ಅತ್ತಿಗೆ ಅಂಗಡಿಯ ನೆಪ ಹೇಳಿ ಎದ್ದಳು.

ಮಾರನೆಯ ಬೆಳಗ್ಗೆ ಪಾಠಕ್ಕೆ ಮೊದಲು ಬೇಕರಿಗೆ ಹೋದಳು. ಹಿಂದಿನ ಕೋಣೆಯಲ್ಲಿ ಭಟ್ಟಿಯ ಬಿಸಿಗೆ ಗೋಡೆಯ ಸುಣ್ಣ ಕಂದಿತ್ತು. ಗಂಡ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬನ್ನಿನ ಉಂಡೆ ಕಟ್ಟಿ ಟ್ರೇಗೆ ಇಡುತ್ತಿದ್ದ.

“ನೀವು ಏನಂತೀರಿ?”

“ನಿಮಗೆ ಹೇಗನ್ಸುತ್ತೋ ಹಾಗೆ ಮಾಡಿ ಮೇಡಂ.”

“ಇದೇ ಬೇಡ,” ಎಂದಳು. “ಎಲ್ಲಾ ನನ್ನ ತಲೆ ಮೇಲೆ ಹಾಕಿ ನೀವು ಒಳ್ಳೆಯವರಾಗ್ಬೇಡಿ. ನಿಮಗೆ ಮಗು ಬೇಕಾ, ಬೇಡ್ವಾ? ಒಂದೇ ಮಾತು.”

ಅವನು ಉಂಡೆಯೊಂದನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಉರುಳಿಸಿದ. “ಬೇಕು,” ಎಂದ. ಆಮೇಲೆ, ಕಟ್ಟೆ ಒಡೆದ ಹಾಗೆ: “ತುಂಬಾ ಬೇಕು. ಕೇಳಿದ್ರೆ ನಿಮಗೆ ಭಾರ ಆಗುತ್ತೆ ಅಂತ ಬಾಯಿ ಬಿಡಲಿಲ್ಲ. ಆದ್ರೆ ನೀವೇ ಇಲ್ದೆ ನನಗೆ ಯಾವ ಮಗೂನೂ ಬೇಡ. ಇಷ್ಟೇ ನನಗೆ ಗೊತ್ತಿರೋದು.”

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. “ನನಗೂ ಬೇಕು. ಈ ವಯಸ್ಸಲ್ಲಿ ಆಸೆಪಡೋಕೆ ನಾಚಿಕೆ ಆಗ್ತಿತ್ತು. ಇವತ್ತಿಂದ ಆ ನಾಚಿಕೆ ಬಿಟ್ಟೆ,” ಎಂದಳು. “ಇನ್ನೊಂದು ಹೇಳ್ತೀನಿ ಕೇಳಿ. ಮಗು ಬರದೇ ಇದ್ರೂ ಗರ್ಭಕೋಶ ನನ್ನ ಮೈಯೊಳಗಿಂದು. ಕೆಲಸ ಇಲ್ಲ ಅಂತ ನನ್ನ ಕಿವಿ ಕುಯ್ದು ಕೊಡ್ತೀನಾ?” ಹೊರಡುವಾಗ ಬಿಸಿ ಬನ್ನೊಂದನ್ನು ತಾನೇ ಎತ್ತಿಕೊಂಡು ತಿಂದಳು. ಎಷ್ಟೋ ದಿನದ ಮೇಲೆ ಬಾಯಿಗೆ ರುಚಿ ಹತ್ತಿತ್ತು.

ಚೀಟಿಯಲ್ಲಿದ್ದ ಸರ್ಜನ್ ಅವಳಿಗಿಂತ ಚಿಕ್ಕವಳು. ಕ್ಯಾನ್ವಾಸ್ ಬೂಟು, ಗಿಡ್ಡ ಕೂದಲು. ಚಿತ್ರ ನೋಡಿ ಸ್ವಲ್ಪವೂ ಸಿಹಿ ಲೇಪಿಸದೆ ಮಾತಾಡಿದಳು. ಗಡ್ಡೆಗಳು ಗರ್ಭಕೋಶದ ಗೋಡೆಯಲ್ಲಿ ಬೆಳೆದಿವೆ. ಒಂದು ಮಾತ್ರ ಗೋಡೆಯಿಂದ ಒಳಕ್ಕೆ, ಮಗು ಕೂರುವ ಜಾಗಕ್ಕೇ ತಲೆ ಹಾಕಿದೆ. ರಕ್ತ ಹೋಗುವುದಕ್ಕೆ ಮುಖ್ಯ ಕಾರಣ ಅದು; ಇಷ್ಟು ದಿನ ಗರ್ಭ ನಿಲ್ಲದೇ ಇರುವುದಕ್ಕೂ ಅದೇ ಇರಬಹುದು.

“ತೆಗೆದ್ರೆ ಮಗು ಆಗುತ್ತಾ?”

“ಆಗಬಹುದು. ಆಗುತ್ತೆ ಅಂತ ಹೇಳಲ್ಲ. ಗಡ್ಡೆ ನಾನು ತೆಗೀಬಲ್ಲೆ. ವಯಸ್ಸಿಗೆ ನನ್ನ ಕತ್ತರಿ ಏನೂ ಮಾಡಲ್ಲ. ಗಾಯ ಗಟ್ಟಿಯಾಗೋಕೆ ಸುಮಾರು ಒಂದು ವರ್ಷ ಕಾಯ್ಬೇಕು. ಆಮೇಲೆ ಬಸುರಾದ್ರೂ ಹೆರಿಗೆ ನೋವು ತಿನ್ನೋ ಹಾಗಿಲ್ಲ, ಹೊಲಿಗೆ ಹಾಕಿದ ಗೋಡೆ ಬಿರುಕು ಬಿಡಬಹುದು. ಸಿಸೇರಿಯನ್ನೇ ಮಾಡ್ಬೇಕು.” “ಇನ್ನೊಂದು ಮಾತು. ಆಪರೇಷನ್ ಮಧ್ಯೆ ರಕ್ತ ನಿಲ್ಲದೆ ಜೀವಕ್ಕೇ ಬಂದ್ರೆ ಗರ್ಭಕೋಶ ತೆಗೀಲೇಬೇಕಾಗುತ್ತೆ. ಅದಕ್ಕೆ ನೀವು ಒಪ್ಪಿದ್ರೆ ಮಾತ್ರ ನಾನು ಕೈ ಹಾಕೋದು.”

ಮೇಡಂ ಬಹಳ ಯೋಚಿಸಲಿಲ್ಲ. “ಜೀವಕ್ಕೆ ಬಂದ್ರೆ ತೆಗೀರಿ. ನಿಮಗೆ ಸಾಕಾಯ್ತು ಅಂತ ತೆಗೀಬೇಡಿ.”

ಸರ್ಜನ್ ನಕ್ಕುಬಿಟ್ಟಳು. “ನಮ್ಮ ಸರ್ ಫೋನ್ ಮಾಡಿದ್ರು. ‘ನಿನಗೆ ಸರಿಜೋಡಿ ಒಬ್ಬರನ್ನ ಕಳಿಸ್ತಿದ್ದೀನಿ’ ಅಂದ್ರು.”

ಮೊದಲು ಮೈಗೆ ರಕ್ತ ಬರಬೇಕಿತ್ತು. ಕಬ್ಬಿಣಾಂಶದ ಡ್ರಿಪ್ಪು, ಮುಟ್ಟು ತಡೆಯುವ ಇಂಜೆಕ್ಷನ್ನು. ಇಂಜೆಕ್ಷನ್ನಿನಿಂದ ಮೈಯೆಲ್ಲ ಧಗಧಗ ಎನ್ನುತ್ತಿತ್ತು. “ನಮ್ಮನೇಲಿ ಈಗ ಎರಡು ಭಟ್ಟಿ,” ಎಂದು ಗಂಡ ಹೆದರುತ್ತ ಒಂದು ತಮಾಷೆ ಮಾಡಿದ. ಪಾಠಗಳನ್ನು ಕಡಿಮೆ ಮಾಡಿಕೊಂಡಳು. ಕೆನ್ನೆಗೆ ನಿಧಾನವಾಗಿ ಬಣ್ಣ ತಿರುಗಿತು.

ಆಪರೇಷನ್ ದಿನ ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರು ನಿಲ್ಲಿಸಿ ಗಂಡ, ಅತ್ತೆ, ಅತ್ತಿಗೆ ಮೂವರನ್ನೂ ಹತ್ತಿರ ಕರೆದಳು. “ಡಾಕ್ಟ್ರಿಗೆ ಹೇಳೋದೆಲ್ಲ ಹೇಳಿಯಾಗಿದೆ. ನಾನು ಒಳಗೆ ಹೋದ್ಮೇಲೆ ಯಾರೂ ಹೊಸ ಅಭಿಪ್ರಾಯ ಕೊಡಕೂಡದು,” ಎಂದಳು. ಕಾರಿನಲ್ಲಿ ಮಾತಾಡುವ ಅದೇ ದನಿ. ಸ್ಟ್ರೆಚರು ತಳ್ಳುತ್ತಿದ್ದವನು ಕೂಡ ತಲೆಯಾಡಿಸಿದ.

ಆಮೇಲೆ ನಡೆದದ್ದನ್ನು ಅವಳಿಗೆ ಹೇಳಿದ್ದು ಗಂಡ. ತುಂಬ ಹೊತ್ತಾದ ಮೇಲೆ ನರ್ಸ್ ಒಬ್ಬಳು ಹೊರಗೆ ಬಂದು, ರಕ್ತ ಅಂದುಕೊಂಡದ್ದಕ್ಕಿಂತ ಹೆಚ್ಚು ಹೋಗುತ್ತಿದೆ, ಬ್ಲಡ್ ಬ್ಯಾಂಕಿನಿಂದ ಇನ್ನಷ್ಟು ತರಿಸುತ್ತಿದ್ದೇವೆ ಎಂದಳಂತೆ. ಅವನು ಬೆಂಚಿನ ಮೇಲೆ ಕೂತುಬಿಟ್ಟನಂತೆ. ಅತ್ತಿಗೆ ಎದ್ದು, “ಅಷ್ಟೆಲ್ಲ ಯಾಕೆ ಒದ್ದಾಡ್ತಾರೆ ಸಿಸ್ಟರ್? ತೆಗೆದುಹಾಕಿ ಮುಗಿಸಿ ಅಂತ ಹೇಳಿ, ನಾವು ಮನೆಯವರು ಹೇಳ್ತಿದ್ದೀವಿ,” ಎಂದಳಂತೆ.

ಆಗ ಅತ್ತೆ ಎದ್ದು ನಿಂತರು. ಮಗಳ ಭುಜ ಹಿಡಿದು ಕೂರಿಸಿದರು. “ನಾವು ಮನೆಯವರು ಏನೂ ಹೇಳ್ತಿಲ್ಲ,” ಎಂದರು ನರ್ಸಿಗೆ. “ಅವಳು ಏನು ಹೇಳಿ ಹೋಗಿದಾಳೋ ಡಾಕ್ಟ್ರಿಗೆ ಗೊತ್ತು. ಅದರ ಮೇಲೆ ಇಲ್ಲಿಂದ ಒಂದಕ್ಷರ ಒಳಗೆ ಹೋಗಬಾರ್ದು. ಹೋಯ್ತೋ, ನಾನು ಸುಮ್ನಿರೋ ಹೆಂಗಸಲ್ಲ.” ನರ್ಸು ಹೋದಳು. ಅತ್ತೆ ಕೂರಲಿಲ್ಲ. ಥಿಯೇಟರಿನ ಬಾಗಿಲು ಮತ್ತೆ ತೆರೆಯುವವರೆಗೆ ಅದರ ಮುಂದೆ ಕಾವಲಿನವರ ಹಾಗೆ ನಿಂತೇ ಇದ್ದರಂತೆ.

ಮೇಡಂಗೆ ಎಚ್ಚರವಾದಾಗ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಎದುರಿಗೆ ಸರ್ಜನ್ನಿನ ದಣಿದ ಮುಖ.

“ಇದೆಯಾ?”

“ಇದೆ.”

ಮೇಡಂ ಮತ್ತೆ ಕಣ್ಣು ಮುಚ್ಚಿದಳು.

ಹೊರಗೆ ಬಂದದ್ದು ಒಂಬತ್ತು ಗಡ್ಡೆ. ಸರ್ಜನ್ ತೆಗೆದ ಫೋಟೋವನ್ನು ಅವಳು ಕೇಳಿ ತನ್ನ ಫೋನಿಗೆ ಹಾಕಿಸಿಕೊಂಡಳು. ಟ್ರೇ ತುಂಬ ಕೆಂಪು ಬಿಳಿಯ ಉಂಡೆಗಳು, ದೊಡ್ಡದು ಕಿತ್ತಳೆಯಷ್ಟು. ಮನೆಗೆ ಬಂದ ವಾರಕ್ಕೆ ಮಹಡಿಯಾಕೆ ನೋಡಲು ಬಂದಳು. “ಸಿಹಿ ಸುದ್ದಿ ಕೇಳಿದ್ರಲ್ಲ, ತಗೊಳ್ಳಿ, ಒಂದಲ್ಲ ಒಂಬತ್ತು,” ಎಂದು ಫೋನು ಮುಂದೆ ಹಿಡಿದಳು ಮೇಡಂ. ಮಹಡಿಯಾಕೆ ತನಗೆ ಕೊಟ್ಟಿದ್ದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ನಗಬಾರದಿತ್ತು, ಹೊಲಿಗೆ ಎಳೆಯುತ್ತಿತ್ತು. ಮೇಡಂ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ನಕ್ಕಳು.

ಆ ವಾರಗಳಲ್ಲಿ ಅವಳಿಗೆ ಸ್ನಾನಕ್ಕೆ ನೀರು ಬಿಟ್ಟು, ಕೂದಲು ಬಾಚಿ, ಊಟ ತಂದು ಕೊಡುತ್ತಿದ್ದವರು ಅತ್ತೆ. ಒಂದು ಮಧ್ಯಾಹ್ನ ಬಾಚಣಿಗೆ ಹಿಡಿದು ಹಿಂದೆ ಕೂತವರು ತಾವಾಗಿಯೇ ಶುರು ಮಾಡಿದರು.

“ನಿನ್ನ ಗಂಡ ಹುಟ್ಟಿ ಮೂರು ವರ್ಷಕ್ಕೆ ನನಗೆ ಹೊಟ್ಟೆನೋವು ಬಂತು. ಆಸ್ಪತ್ರೆಗೆ ಹೋದೆ. ಎಚ್ಚರ ಆದಾಗ ಗರ್ಭಕೋಶ ಇರಲಿಲ್ಲ. ನಿಮ್ಮ ಮಾವ ಸಹಿ ಹಾಕಿದ್ರು. ಅವರು ಕೆಟ್ಟೋರಲ್ಲ, ನಿನಗೂ ಗೊತ್ತು. ಎರಡು ಮಕ್ಕಳಿದಾವಲ್ಲ ಅಂದ್ರು. ಎಲ್ರೂ ಹಾಗೇ ಅಂದ್ರು.” ಬಾಚಣಿಗೆ ನಿಂತಿತು. “ತೆಗೆದದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ ಕಣೇ. ನನ್ನನ್ನ ಒಂದು ಮಾತು ಕೇಳಬಹುದಿತ್ತು.”

ಮೇಡಂ ತಿರುಗಿ ಅವರ ಕೈ ಹಿಡಿದುಕೊಂಡಳು. ಅಲ್ಲಿಯವರೆಗೆ ಅತ್ತೆ ಮೊಮ್ಮಗುವಿನ ಆಸೆಗೆ ತನ್ನ ಪರವಾಗಿ ನಿಂತರು ಎಂದುಕೊಂಡಿದ್ದಳು.

ಕೆಲಸಕ್ಕೆ ಮರಳಲು ಸರ್ಜನ್ ಇಟ್ಟ ಷರತ್ತು ಒಂದೇ: ಬ್ರೇಕನ್ನು ಜೋರಾಗಿ ತುಳಿದರೆ ಹೊಟ್ಟೆ ನೋಯಬಾರದು. ಮೇಡಂ ದಿನಾ ಸಂಜೆ ನಿಂತ ಕಾರಿನಲ್ಲಿ ಕೂತು ಬ್ರೇಕು ತುಳಿದು ನೋಡುತ್ತಿದ್ದಳು. ಮೊದಮೊದಲು ಹೊಟ್ಟೆಯಲ್ಲಿ ಚುಳ್ ಎನ್ನುತ್ತಿತ್ತು. ಅತ್ತಿಗೆ ಅಂಗಡಿ ಮುಚ್ಚಿ ಹೋಗುವಾಗ ಇದನ್ನು ನೋಡಿ, ಅರಿವಳಿಕೆ ಇನ್ನೂ ತಲೆಯಿಂದ ಇಳಿದಿಲ್ಲ ಎಂದು ತಮ್ಮನಿಗೆ ಹೇಳಿದಳು. ಒಂದು ಸಂಜೆ ಏನೂ ಅನ್ನಿಸಲಿಲ್ಲ. ಮತ್ತೆ ತುಳಿದಳು, ಇನ್ನೂ ಜೋರಾಗಿ. ಮಾರನೆಯ ದಿನ ಬೀದಿಯಲ್ಲಿ ಅವಳ ಬೈಗುಳ ಮತ್ತೆ ಕೇಳಿಸಿತು. ಸೀಟಿನ ಮೇಲೆ ಟವೆಲು ಇರಲಿಲ್ಲ. ಮುಟ್ಟು ಈಗ ಬಂದು ಮರ್ಯಾದೆಯಿಂದ ಹೋಗುತ್ತಿತ್ತು.

ವರ್ಷ ಕಳೆಯಿತು. ಸರ್ಜನ್ ಪರೀಕ್ಷೆ ಮಾಡಿ, ಇನ್ನು ಪ್ರಯತ್ನಿಸಬಹುದು ಎಂದಳು. ಕೆಲವು ತಿಂಗಳಿಗೆ ಮುಟ್ಟು ನಿಂತಿತು. ಈ ಸಲ ಸ್ಕ್ಯಾನಿಂಗಿನ ಪರದೆಯ ಮೇಲೆ ಪುಟ್ಟದೊಂದು ಮಿಣಮಿಣ ಎನ್ನುತ್ತಿತ್ತು. ಗಂಡ ಅದನ್ನು ನೋಡುತ್ತ ತನ್ನ ಟೋಪಿಯನ್ನು ಹಿಂಡಿ ಮುದ್ದೆ ಮಾಡಿದ. ಅವತ್ತು ಬೇಕರಿಗೆ ಬಂದವರಿಗೆಲ್ಲ ಕಾರಣ ಹೇಳದೆ ಒಂದೊಂದು ಬನ್ನು ಹೆಚ್ಚಿಗೆ ಹಾಕಿಕೊಟ್ಟನಂತೆ.

ಮೂರನೇ ತಿಂಗಳು ತುಂಬುವ ಮೊದಲೇ ಅದು ಹೋಯಿತು.

ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಒಂದು ಬೆಳಗ್ಗೆ ನೋವು, ಆಸ್ಪತ್ರೆ, ಪರದೆಯ ಮೇಲೆ ಮಿಣುಕಿಲ್ಲದ ಚಿತ್ರ. ಹೊಲಿಗೆ ಹಾಕಿದ ಜಾಗದ ತೊಂದರೆ ಇರುವ ಹಾಗಿಲ್ಲ, ಈ ವಯಸ್ಸಿನಲ್ಲಿ ಎಷ್ಟೋ ಬಸುರು ಹೀಗೇ ಹೋಗುತ್ತವೆ, ನಿಮ್ಮಿಂದ ಆದ ತಪ್ಪು ಏನೂ ಇಲ್ಲ ಎಂದಳು ಸರ್ಜನ್. ಹೇಳುವಾಗ ಅವಳ ಕಣ್ಣೂ ತುಂಬಿತ್ತು. ಮನೆಯಲ್ಲಿ ಗಂಡ ಹೆಂಡತಿ ಒಂದೇ ಹೊದಿಕೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು. ಅತ್ತೆ ಬಾಗಿಲಾಚೆ ಗಂಜಿ ಇಟ್ಟು ಹೋದರು, ಒಳಗೆ ಬರಲಿಲ್ಲ, ಸಮಾಧಾನ ಹೇಳಲಿಲ್ಲ. ಅತ್ತಿಗೆ ಬಂದಳು. “ಅವತ್ತೇ ತೆಗೆಸಿದ್ರೆ ಈ ಸಂಕಟ ಆದ್ರೂ ಇರ್ತಿರಲಿಲ್ಲ,” ಎಂದಳು. ಮೇಡಂಗೆ ಅವತ್ತು ಬೈಯುವ ಶಕ್ತಿಯೂ ಇರಲಿಲ್ಲ.

ಆಮೇಲೆ ಮತ್ತೆ ಗರ್ಭ ನಿಲ್ಲಲಿಲ್ಲ. ಇನ್ನೊಬ್ಬ ಡಾಕ್ಟರ ಹತ್ತಿರ ಹೋದರು. ಇಂಜೆಕ್ಷನ್ನು, ಔಷಧಿ, ಬೇಕಾದರೆ ಬೇರೆಯವರ ಅಂಡಾಣು ಎಂದರು ಅವರು. ಇಬ್ಬರೂ ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಬಂದರು, ದಾರಿಯುದ್ದಕ್ಕೂ ಮಾತಾಡಿಕೊಂಡು. ಮನೆಯ ಬಾಗಿಲ ಹತ್ತಿರ ಬರುವಷ್ಟರಲ್ಲಿ ಸಾಕು ಎಂದು ತೀರ್ಮಾನವಾಗಿತ್ತು. “ಇದೂ ನಮ್ಮದೇ ತೀರ್ಮಾನ, ಯಾರೂ ನಮ್ಮ ಕೈಲಿ ಮಾಡ್ಸಿದ್ದಲ್ಲ,” ಎಂದಳು ಮೇಡಂ. ಅವನು ಬೀಗದ ಕೈ ತಿರುಗಿಸುತ್ತ “ಹೌದು ಮೇಡಂ,” ಎಂದ. ದನಿ ಒಡೆದಿತ್ತು.

ಅತ್ತಿಗೆ ಹೊಸ ಮನೆ ಕೊಂಡು ನೆಂಟರನ್ನೆಲ್ಲ ಊಟಕ್ಕೆ ಕರೆದಾಗ ಆ ಮಾತು ಎಲ್ಲರೆದುರೇ ಬಂತು. ಉದ್ದನೆಯ ಮೇಜು, ತಟ್ಟೆ ತುಂಬ ಊಟ. ಎದುರಿಗೆ ಕೂತಿದ್ದ ದೂರದ ಚಿಕ್ಕಮ್ಮ ಕರುಣೆಯ ಮುಖ ಮಾಡಿಕೊಂಡು, “ಪಾಪ, ಅಷ್ಟೆಲ್ಲ ಕೊಯ್ಸಿಕೊಂಡು ಕೊನೆಗೆ ಏನು ಸಿಕ್ತಮ್ಮ ನಿನಗೆ? ಎಲ್ಲಾ ದಂಡ ಆಯ್ತಲ್ಲ,” ಎಂದರು.

ಮೇಡಂ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು.

“ಏನು ಸಿಕ್ತು ಅಂತ ಕೇಳಿದ್ರಲ್ಲ ಚಿಕ್ಕಮ್ಮ, ಹೇಳ್ತೀನಿ. ನಡೆದ್ರೆ ಉಸಿರು ಕಟ್ತಿತ್ತು, ಈಗ ಕಟ್ಟಲ್ಲ. ದಿನವಿಡೀ ಕೂತು ಕೆಲಸ ಮಾಡ್ತೀನಿ, ಯಾರ ಹೂವಿನ ಗಿಡದ ಮೇಲೂ ಕಾರು ಹತ್ತಿಸಿಲ್ಲ. ಇದು ಒಂದು. ಇನ್ನೊಂದು, ಎರಡೂವರೆ ತಿಂಗಳು ನನ್ನ ಮಗು ನನ್ನ ಜೊತೆ ಇತ್ತು. ಅದರ ಎದೆ ಬಡ್ಕೊಳ್ಳೋದನ್ನ ನಾವಿಬ್ರೂ ನೋಡಿದೀವಿ. ಅದನ್ನ ದಂಡ ಅನ್ನೋರು ನೀವು, ನಾನಲ್ಲ.”

ಅವಳ ದನಿ ಒಂದಿಷ್ಟು ನಡುಗಿತು, ಆದರೂ ಇಳಿಯಲಿಲ್ಲ.

“ಮಗು ಉಳೀಲಿಲ್ಲ, ಆ ಸಂಕಟ ನನಗಿದೆ. ಅದೂ ನನ್ನದೇ, ಯಾರೂ ಹೊರಬೇಕಾಗಿಲ್ಲ. ಆದ್ರೆ ನಾನು ಏನು ಬೇಕು ಅಂತ ಬಾಯಿಬಿಟ್ಟು ಕೇಳಿದೀನಿ, ಕೈಲಾದಷ್ಟು ಮಾಡಿದೀನಿ. ಅವತ್ತು ನಿಮ್ಮ ಮಾತಿಗೆಲ್ಲ ತಲೆ ಆಡಿಸಿದ್ರೆ ಇವತ್ತು ಇಲ್ಲಿ ಕೂತು ಒಬ್ಬೊಬ್ರ ಮೇಲೂ ಒಳಗೊಳಗೇ ಹಲ್ಲು ಮಸೀತಾ ಊಟ ಮಾಡ್ತಿದ್ದೆ. ಈಗ ನೋಡಿ, ನಿಮ್ಮ ಮೇಲೂ ಸಿಟ್ಟಿಲ್ಲ.”

“ಸ್ವಲ್ಪ ಇದೆ,” ಎಂದ ಗಂಡ, ತಟ್ಟೆ ನೋಡುತ್ತ.

“ಸ್ವಲ್ಪ ಇದೆ,” ಎಂದು ಒಪ್ಪಿಕೊಂಡಳು ಮೇಡಂ.

ಯಾರೋ ನಕ್ಕರು. ಅತ್ತೆ ಏನೂ ಆಗದವರ ಹಾಗೆ ಪಾತ್ರೆ ಎತ್ತಿ ಸೊಸೆಯ ತಟ್ಟೆಗೆ ಇನ್ನೊಂದಿಷ್ಟು ಬಡಿಸಿದರು. ಅತ್ತಿಗೆ ನೀರಿನ ಜಗ್ಗು ತರುವ ನೆಪದಲ್ಲಿ ಒಳಗೆ ಹೋದಳು. ಹೋಗುವಾಗ ಮೇಡಂ ಬೆನ್ನ ಮೇಲೆ ಒಂದು ಕ್ಷಣ ಕೈ ಇಟ್ಟಳು. ಅದು ಕ್ಷಮೆಯೋ ಏನೋ, ಇಬ್ಬರೂ ಆಮೇಲೆ ಅದರ ಬಗ್ಗೆ ಮಾತಾಡಲಿಲ್ಲ.

ಈಗ ಮೇಡಂಗೆ ನಲವತ್ತೈದು. ಸ್ವಂತ ಡ್ರೈವಿಂಗ್ ಸ್ಕೂಲಿದೆ, ಎರಡು ಕಾರುಗಳಿವೆ. ಹೇಗೋ ವಿಷಯ ತಿಳಿದ ಹೆಂಗಸರು ಪಾಠದ ಮಧ್ಯೆ ದನಿ ತಗ್ಗಿಸಿ ಕೇಳುವುದುಂಟು: ನನಗೂ ಹೀಗೇ ಹೇಳಿದಾರೆ, ಏನು ಮಾಡಲಿ? ಅಂಥವರಿಗೆ ಅವಳು ಕಾರನ್ನು ನೆರಳಿನಲ್ಲಿ ನಿಲ್ಲಿಸಲು ಹೇಳುತ್ತಾಳೆ. “ತೆಗೆಸ್ಬೇಡಿ ಅಂತ ನಾನು ಹೇಳಲ್ಲ,” ಎನ್ನುತ್ತಾಳೆ. “ಕೆಲವರಿಗೆ ತೆಗೆಸೋದೇ ಸರಿ. ನಮ್ಮ ಅತ್ತಿಗೆ ತೆಗೆಸಿ ಚೆನ್ನಾಗೇ ಇದಾರೆ. ಆದ್ರೆ ಬೇರೆ ದಾರಿ ಏನಿದೆ ಅಂತ ಕೇಳಿ. ಉತ್ತರ ಅರ್ಥ ಆಗೋವರೆಗೂ ಕುರ್ಚಿ ಬಿಟ್ಟು ಏಳ್ಬೇಡಿ.”

ಹೋದ ತಿಂಗಳ ಸ್ಕ್ಯಾನಿಂಗಿನಲ್ಲಿ ಪುಟ್ಟದೊಂದು ಗಡ್ಡೆ ಮತ್ತೆ ಕಂಡಿತು, ಬಟಾಣಿಯಷ್ಟು. ಸರ್ಜನ್ನಿಗೂ ಈಗ ಅಲ್ಲಲ್ಲಿ ಬಿಳಿ ಕೂದಲು. ಚಿತ್ರವನ್ನು ಪಕ್ಕಕ್ಕಿಟ್ಟು ಹೇಳಿದಳು, “ಸದ್ಯಕ್ಕೆ ಏನೂ ಮಾಡ್ಬೇಕಾಗಿಲ್ಲ. ಮುಟ್ಟು ನಿಲ್ಲೋ ವಯಸ್ಸು ಹತ್ರ ಬಂತು, ಆಮೇಲೆ ಅದೇ ಮುದುಡಿಕೊಳ್ಳುತ್ತೆ. ಅಷ್ಟರಲ್ಲಿ ದೊಡ್ಡದಾದ್ರೆ ಯೋಚನೆ ಮಾಡೋಣ.”

“ದೊಡ್ಡದಾದ್ರೆ ಆಗ ಬಂದು ಎಲ್ಲಾ ಮೊದಲಿಂದ ಕೇಳ್ತೀನಿ,” ಎಂದಳು ಮೇಡಂ, ಚೀಲ ಹೆಗಲಿಗೇರಿಸಿಕೊಳ್ಳುತ್ತ. “ಗರ್ಭಕೋಶ ತೆಗೆಸೋದೇ ಸರಿ ಅಂತ ನನಗೇ ಅನ್ನಿಸಿದ್ರೆ ಅವತ್ತು ತೆಗೆಸ್ತೀನಿ. ನೀವು ಸಮಯ ಇಟ್ಕೊಂಡು ಕೂತಿರಿ, ನನ್ನ ಪ್ರಶ್ನೆ ಬಹಳ ಇರ್ತವೆ.”

“ಗೊತ್ತು,” ಎಂದಳು ಸರ್ಜನ್. “ಅವತ್ತು ಬೇರೆ ಯಾರಿಗೂ ಟೈಮ್ ಕೊಡಲ್ಲ.”